ಚಾಕು ಬಂತು, ಹಿಡಿತ ಬರಲಿಲ್ಲ

ಅಡುಗೆಮನೆಯ ಚಾಕುವಿನ ಮಾತು ಬಂದರೆ ಸಾಕು, ಎಲ್ಲರೂ ಹರಿತದ ಬಗ್ಗೆಯೇ ಮಾತಾಡುತ್ತಾರೆ. ಜಪಾನಿನ ಉಕ್ಕು, ಜರ್ಮನಿಯ ಅಲಗು, ಸಾಣೆ ಹಿಡಿಯುವ ಕೋನ, ಟೊಮೆಟೊವನ್ನು ಕಾಗದದಷ್ಟು ತೆಳ್ಳಗೆ ಸೀಳುವ ಜಾಹೀರಾತು. ಆ ಜಾಹೀರಾತಿನಲ್ಲಿ ನಮ್ಮ ಕಣ್ಣು ಬಲಗೈಯನ್ನಷ್ಟೇ ಹಿಂಬಾಲಿಸುತ್ತದೆ. ಟೊಮೆಟೊ ಉರುಳದಂತೆ, ಹಿಸುಕಿಹೋಗದಂತೆ, ಕೊನೆಯ ಬಿಲ್ಲೆಯವರೆಗೂ ನಿಂತಲ್ಲೇ ನಿಲ್ಲುವಂತೆ ನೋಡಿಕೊಂಡ ಎಡಗೈಯನ್ನು ಯಾರೂ ಕೇಳುವುದಿಲ್ಲ. ಕೊಯ್ಯುವುದು ಎರಡು ಪಾಲಿನ ಕೆಲಸ: ಒಂದು ಚಲಿಸಬೇಕು, ಇನ್ನೊಂದು ಕದಲಬಾರದು. ಎರಡೂ ಚಲಿಸಿದರೆ ಹೋಳು ಸೊಟ್ಟಗಾಗುತ್ತದೆ, ಇಲ್ಲವೇ ಬೆರಳು ಹೋಗುತ್ತದೆ. ಜಗತ್ತಿನ ಅಡುಗೆ ಪದ್ಧತಿಗಳೆಲ್ಲ ಈ ಕದಲದ ಪಾಲಿಗೆ ತಮ್ಮದೇ ಉತ್ತರ ಹುಡುಕಿಕೊಂಡಿವೆ. ನಮ್ಮ ಮನೆಗಳಲ್ಲೂ ಒಂದು ಒಳ್ಳೆಯ ಉತ್ತರವಿತ್ತು. ಕಳೆದ ಒಂದೆರಡು ತಲೆಮಾರುಗಳಲ್ಲಿ ನಾವು ಅದನ್ನು ಬಿಟ್ಟು ಪರದೇಶದ ಚಾಕುವನ್ನು ತಂದುಕೊಂಡೆವು. ಆ ಚಾಕುವಿನ ಜೊತೆ ಅಲ್ಲಿ ಬೆಳೆದುಬಂದಿದ್ದ ಹಿಡಿಯುವ ವಿದ್ಯೆಯನ್ನು ಮಾತ್ರ ಅಲ್ಲೇ ಬಿಟ್ಟುಬಂದೆವು.

ಹಿಡಿತ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಭೌತಶಾಸ್ತ್ರದಲ್ಲೇ ಕಾರಣವಿದೆ. ಮೆತ್ತನೆಯ ಪದಾರ್ಥದ ಮೇಲೆ ಅಲಗನ್ನು ನೇರ ಕೆಳಕ್ಕೆ ಒತ್ತುವುದಕ್ಕಿಂತ ಪಕ್ಕಕ್ಕೆ ಎಳೆಯುತ್ತ ಇಳಿಸಿದರೆ ಕಡಿಮೆ ಒತ್ತಡ ಸಾಕು ಎನ್ನುವುದು ಅಡುಗೆ ಮಾಡುವ ಯಾರಿಗೂ ಗೊತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದರ ಒಳಮರ್ಮವನ್ನು ಬಿಡಿಸಿತು. ಬರೀ ಒತ್ತಿದಾಗ ಇಡೀ ಮುದ್ದೆಯೇ ಅಮುಕಿಕೊಳ್ಳುತ್ತದೆ. ಎಳೆತ ಸೇರಿದಾಗ ಬಿರುಕು ಅಲಗಿನ ಬಾಯಲ್ಲೇ ಬೇಗ ಹುಟ್ಟುತ್ತದೆ, ಉಳಿದ ಭಾಗ ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಆದರೆ ಇದಕ್ಕೊಂದು ತಿರುಗುಮುಖವಿದೆ. ಅಲಗನ್ನು ಪಕ್ಕಕ್ಕೆ ಎಳೆದಾಗ ಪದಾರ್ಥವೂ ಅದರ ಹಿಂದೆ ಹೊರಡಲು ನೋಡುತ್ತದೆ. ಯಾರೋ ಅದನ್ನು ತಡೆಯಬೇಕು. ತಡೆಯದಿದ್ದರೆ ಎಳೆತದ ಲಾಭವೆಲ್ಲ ಜಾರುವುದರಲ್ಲಿ ಕರಗಿಹೋಗುತ್ತದೆ. ನಯವಾಗಿ ಕೊಯ್ಯಬೇಕೆಂದಷ್ಟೂ ಗಟ್ಟಿಯಾಗಿ ಹಿಡಿಯಬೇಕು. ಹರಿತವೊಂದಿದ್ದರೆ ಸಾಕು ಎನ್ನುವವರಿಗೆ ಇಷ್ಟು ಹೇಳಬಹುದು: ಹರಿತದಿಂದ ಬೇಕಾಗುವ ಬಲ ಕಡಿಮೆಯಾಗುತ್ತದೆ, ಉರುಳುವುದು ಕಡಿಮೆಯಾಗುವುದಿಲ್ಲ. ಉರುಳುವ ಆಲೂಗಡ್ಡೆಯ ಮೇಲೆ ಮೊಂಡು ಚಾಕು ಜಾರಿದರೆ ತರಚುಗಾಯ, ಹರಿತದ ಚಾಕು ಜಾರಿದರೆ ಹೊಲಿಗೆ.

ಯುರೋಪಿನ ಅರಮನೆಗಳು ಈ ಸಮಸ್ಯೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದವೆಂದರೆ, ಮಾಂಸ ಕೊಯ್ದು ಬಡಿಸುವುದಕ್ಕೇ ಅಲ್ಲಿ ಪ್ರತ್ಯೇಕ ಅಧಿಕಾರಿಗಳಿದ್ದರು, ಅವರಿಗಾಗಿ ಪುಸ್ತಕಗಳೂ ಇದ್ದವು. ಸ್ಪೇನಿನ ಎನ್ರಿಕೆ ದೆ ವಿಲ್ಯೇನಾ 1423ರಲ್ಲೇ ಇದರ ಮೇಲೆ ಗ್ರಂಥ ಬರೆದ. ಅದರಲ್ಲಿ ಚಾಕುಗಳ ಜೊತೆಗೆ ಮಾಂಸವನ್ನು ಚುಚ್ಚಿ ಹಿಡಿಯುವ ಕವಲು ಸಲಾಕೆಗಳ ವಿವರಣೆಯೂ ಇದೆ. ಇಂಗ್ಲೆಂಡಿನಲ್ಲಿ ವಿಂಕಿನ್ ದ ವೋರ್ಡ್ 1508ರಲ್ಲಿ ಅಚ್ಚು ಹಾಕಿದ ಕೈಪಿಡಿಯ ಒಂದು ನಿಯಮ ಇಲ್ಲಿ ನೆನಪಿಡುವಂಥದ್ದು: ಮೀನಾಗಲಿ ಮಾಂಸವಾಗಲಿ ಹಕ್ಕಿಯಾಗಲಿ, ಅದರ ಮೇಲೆ ಎರಡು ಬೆರಳು ಮತ್ತು ಹೆಬ್ಬೆರಳಿಗಿಂತ ಹೆಚ್ಚು ಇಡಕೂಡದು. ಅಂದರೆ ಆ ಕಾಲದ ಇಂಗ್ಲೆಂಡಿನಲ್ಲಿ ಒಡೆಯನ ಊಟವನ್ನು ಹಿಡಿದು ನಿಲ್ಲಿಸುತ್ತಿದ್ದುದು ಸೇವಕನ ಮೂರು ಬೆರಳುಗಳು. ಇಟಲಿಯವರು ಇದನ್ನು ಇನ್ನೊಂದು ತುದಿಗೆ ಒಯ್ದರು. ಕಾರ್ಡಿನಲ್ ಅಲೆಸ್ಸಾಂಡ್ರೊ ಫಾರ್ನೆಸೆಯ ಸೇವೆಯಲ್ಲಿದ್ದ ವಿಂಚೆನ್ಜೊ ಚೆರ್ವಿಯೊನ ಗ್ರಂಥ 1581ರಲ್ಲಿ ವೆನಿಸ್‌ನಲ್ಲಿ ಪ್ರಕಟವಾಯಿತು. ಸುಟ್ಟ ಹಕ್ಕಿಯನ್ನು ದೊಡ್ಡ ಫೋರ್ಕಿಗೆ ಸಿಕ್ಕಿಸಿ, ತಟ್ಟೆಗೆ ತಾಗಿಸದೆ ಗಾಳಿಯಲ್ಲೇ ಎತ್ತಿ ಹಿಡಿದು, ಹೋಳುಗಳು ತಟ್ಟೆಗೆ ಬೀಳುವಂತೆ ಕೊಯ್ಯುವುದೇ ಅವನ ಪ್ರಕಾರ ನಿಜವಾದ ಕೌಶಲ. ಅದು ಆಡಂಬರ, ಅನುಮಾನವಿಲ್ಲ. ಆದರೂ ಆ ಆಡಂಬರದ ಹೃದಯದಲ್ಲಿದ್ದದ್ದು ಎಡಗೈ. ಗಾಳಿಯಲ್ಲಿ ಒಂದು ಇಡೀ ಹಕ್ಕಿಯನ್ನು ನಡುಗದಂತೆ ಹಿಡಿಯಬಲ್ಲವನ ಬಲಗೈ ಹೇಗಿದ್ದರೂ ನಡೆದೀತು.

ಇವತ್ತು ನಾವು ತಿನ್ನುವ ಸಾಧನ ಎಂದುಕೊಂಡಿರುವ ಫೋರ್ಕಿನ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. ಇಂಗ್ಲೆಂಡಿನ ಥಾಮಸ್ ಕೊರಿಯಟ್ 1608ರಲ್ಲಿ ಇಟಲಿ ಸುತ್ತಿ ಬಂದು 1611ರಲ್ಲಿ ತನ್ನ ಪ್ರವಾಸಕಥನ ಅಚ್ಚು ಹಾಕಿಸಿದ. ಇಟಲಿಯವರ ಊಟದ ಮೇಜಿನಲ್ಲಿ ಅವನಿಗೆ ಬೆರಗು ಹುಟ್ಟಿಸಿದ್ದು ಬಾಯಿಗಿಡುವ ಫೋರ್ಕಲ್ಲ, ಹಿಡಿಯುವ ಫೋರ್ಕು. ಒಂದು ಕೈಯ ಚಾಕು ಮಾಂಸ ಕೊಯ್ಯುವಾಗ ಇನ್ನೊಂದು ಕೈಯ ಫೋರ್ಕು ಅದನ್ನು ತಟ್ಟೆಯಲ್ಲೇ ಒತ್ತಿ ಹಿಡಿಯುತ್ತದೆ. ಎಲ್ಲರ ಬೆರಳುಗಳೂ ಒಂದೇ ಸಮ ಶುಚಿಯಾಗಿರುವುದಿಲ್ಲವಾದ್ದರಿಂದ ಕೈಯಿಂದ ಮುಟ್ಟಿದರೆ ಪಂಕ್ತಿಯವರಿಗೆ ಸರಿಬರುವುದಿಲ್ಲ ಎಂದು ಅವನು ಕಾರಣ ಕೊಡುತ್ತಾನೆ. ಎಂಜಲು ಮುಸುರೆಯ ಲೆಕ್ಕ ಗೊತ್ತಿರುವ ನಮಗೆ ಈ ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಊರಿಗೆ ಮರಳಿ ತಾನೂ ಫೋರ್ಕು ಬಳಸತೊಡಗಿದ್ದಕ್ಕೆ ಗೆಳೆಯರಿಂದ ಗೇಲಿ ಮಾಡಿಸಿಕೊಂಡ ಈ ಮನುಷ್ಯ ಮುಂದೆ ಭಾರತದವರೆಗೂ ಬಹುಪಾಲು ಕಾಲ್ನಡಿಗೆಯಲ್ಲೇ ಬಂದ, ಜಹಾಂಗೀರನ ಆಸ್ಥಾನ ಕಂಡ, 1617ರಲ್ಲಿ ಸೂರತ್‌ನಲ್ಲಿ ತೀರಿಕೊಂಡ. ಫೋರ್ಕು ಯುರೋಪಿನಲ್ಲಿ ಊರೂರಿಗೆ ಹಬ್ಬಿದ ಮೇಲೆ ಚಾಕುವಿನ ರೂಪವೇ ಬದಲಾಯಿತು. ಅಲ್ಲಿಯವರೆಗೆ ಊಟದ ಚಾಕುವಿಗೆ ಚುಚ್ಚಿ ಎತ್ತಲು ಮೊನೆ ಬೇಕಿತ್ತು. ಆ ಕೆಲಸ ಫೋರ್ಕಿಗೆ ಹೋದಾಗ ಮೊನೆ ಅನವಶ್ಯಕವಾಯಿತು, 1669ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ ಮೊನಚು ಚಾಕುಗಳನ್ನು ನಿಷೇಧಿಸುವುದೂ ಸುಲಭವಾಯಿತು. ಊಟದ ಚಾಕುವಿನ ತುದಿ ಇವತ್ತಿಗೂ ಗುಂಡಗಿದೆ.

ದೊಡ್ಡ ಪದಾರ್ಥಗಳಿಗೆ ಫೋರ್ಕು ಸಾಲದು. ಸ್ಪೇನಿನಲ್ಲಿ ಉಪ್ಪು ಹಾಕಿ ಒಣಗಿಸಿದ ಹಂದಿಯ ಇಡೀ ತೊಡೆಯನ್ನು ಬಡಿಸುವಾಗ ಅದನ್ನು ಹಮೊನೆರೊ ಎಂಬ ಮರದ ಪೀಠಕ್ಕೆ ಎರಡು ಕಡೆ ಬಿಗಿಯುತ್ತಾರೆ. ಗೊರಸಿನ ಬಳಿ ಒಂದು ಕೊಂಡಿ, ಇನ್ನೊಂದು ತುದಿಗೆ ಮೊಳೆ. ಏಳೆಂಟು ಕಿಲೋ ತೂಗುವ ಆ ತೊಡೆ ಅಲ್ಲಾಡದೆ ನಿಂತರೆ ಮಾತ್ರ ಉದ್ದನೆಯ ಬಳುಕುವ ಚಾಕುವಿನಿಂದ ಬೆಳಕು ಹಾಯುವಷ್ಟು ತೆಳ್ಳನೆಯ ಎಳೆ ತೆಗೆಯಲಾದೀತು. ಜಪಾನಿನವರಿಗೆ ಜಾರುವ ಹಾವುಮೀನಿನ ತೊಡಕು. ಅವರು ಅದರ ತಲೆಯನ್ನು ಒಂದು ದಬ್ಬಳದಿಂದ ಹಲಗೆಗೆ ನೆಟ್ಟುಬಿಟ್ಟು ಆಮೇಲೆ ಬೆನ್ನನ್ನೋ ಹೊಟ್ಟೆಯನ್ನೋ ಸೀಳುತ್ತಾರೆ. ಎರಡೂ ಕಡೆ ತರ್ಕ ಒಂದೇ. ಮನುಷ್ಯನ ಎಡಗೈ ಸಾಲದಾದಾಗ ಮರದಿಂದ ಮೂರನೆಯ ಕೈಯೊಂದನ್ನು ಕಡ ತರುವುದು.

ನಮ್ಮ ಈಳಿಗೆಮಣೆ ಈ ತರ್ಕವನ್ನು ತಲೆಕೆಳಗು ಮಾಡಿತು. ಪದಾರ್ಥವನ್ನು ಮರಕ್ಕೆ ಬಿಗಿಯುವ ಬದಲು ಅಲಗನ್ನೇ ಮರಕ್ಕೆ ಬಿಗಿಯಿತು. ಮಣೆಯ ಮೇಲೆ ಕಾಲಿನ ಭಾರ, ಎದುರಿಗೆ ನೆಟ್ಟಗೆ ಎದ್ದ ಬಾಗಿದ ಅಲಗು, ಪದಾರ್ಥದ ಮೇಲೆ ಎರಡು ಕೈ. ಚಲಿಸುವುದು ಬದನೆಕಾಯಿ, ಕದಲದಿರುವುದು ಕಬ್ಬಿಣ. ಎರಡು ಕೈಗಳೂ ಹಿಡಿತಕ್ಕೇ ಸಿಕ್ಕಿದ್ದರಿಂದ ಉರುಳುವ ಪ್ರಶ್ನೆಯೇ ಇಲ್ಲ. ತಳ ಸಮ ಮಾಡಿಕೊಳ್ಳುವ ಉಪದ್ರವವಿಲ್ಲ, ಹಲಗೆ ಜಾರುವ ಭಯವಿಲ್ಲ, ಹೋಳು ಕೈಯಿಂದ ನೇರ ಪಾತ್ರೆಗೇ ಬೀಳುತ್ತದೆ. ಬಾಗಿದ ಅಲಗಿಗೆ ತರಕಾರಿಯನ್ನು ಒತ್ತಿ ಮುಂದಕ್ಕೆ ತಳ್ಳಿದಾಗ ಅದು ಅಂಚಿನ ಉದ್ದಕ್ಕೂ ಜಾರುತ್ತದೆ. ಮಹಾದೇವನ್ ಅವರ ಪ್ರಬಂಧ ಹೇಳುವ ಆ ಪಕ್ಕದ ಎಳೆತ ಇಲ್ಲಿ ಸಲಕರಣೆಯ ಆಕಾರದಲ್ಲೇ ಇದೆ, ಬೇರೆ ಅಭ್ಯಾಸ ಬೇಕಿಲ್ಲ. ಇನ್ನೂ ಒಂದು ಮಾತು. ಒತ್ತಡದ ದಿಕ್ಕು ಕೊಯ್ಯುವವರ ಮೈಯಿಂದ ಆಚೆಗೆ. ಹೆಬ್ಬೆರಳಿನತ್ತ ಚಾಕು ಎಳೆದುಕೊಂಡು ಕೈಯಲ್ಲೇ ಹುರುಳಿಕಾಯಿ ಕತ್ತರಿಸುವವರನ್ನು ನೋಡಿದರೆ ಈ ದಿಕ್ಕಿನ ಬೆಲೆ ತಿಳಿಯುತ್ತದೆ. ಇದು ಕನ್ನಡನಾಡಿನ ಸ್ವತ್ತೇನಲ್ಲ. ಬಂಗಾಳದ ಬೊಟಿ, ಮಹಾರಾಷ್ಟ್ರದ ವಿಳಿ, ತಮಿಳರ ಅರುವಾಮಣೈ, ತೆಲುಗರ ಕತ್ತಿಪೀಟ ಎಲ್ಲ ಇದರ ಒಡಹುಟ್ಟುಗಳೇ.

ಇದು ನಿಧಾನದ ಸಾಧನ, ಪುರುಸೊತ್ತಿದ್ದ ಕಾಲದ್ದು ಎಂಬ ಆಕ್ಷೇಪ ಮೊದಲು ಬರುತ್ತದೆ. ಮಲೆನಾಡಿನ ಅಡಿಕೆ ಸುಗ್ಗಿ ಇದಕ್ಕೆ ಉತ್ತರ ಹೇಳುತ್ತದೆ. ಯಂತ್ರಗಳು ಬರುವ ಮೊದಲು ಹಸಿ ಅಡಿಕೆಯ ಸಿಪ್ಪೆ ಸುಲಿಯುತ್ತಿದ್ದುದು ಮೆಟ್ಟುಗತ್ತಿಯಲ್ಲಿ. ಅದು ಈಳಿಗೆಯದೇ ಕುಲ: ಕಾಲಡಿಯ ಮರ, ನಿಂತ ಅಲಗು. ಸುಲಿದ ಅಡಿಕೆಯ ಅಳತೆಗೆ ತಕ್ಕಂತೆ ಕೂಲಿ ಸಿಗುತ್ತಿದ್ದ ಕೆಲಸವದು, ಅಂದರೆ ವೇಗವೇ ಹೊಟ್ಟೆಪಾಡು. ಸಾಲಾಗಿ ಕೂತು ರಾತ್ರಿ ಬಹಳ ಹೊತ್ತು ಕೆಲಸ ಮಾಡುತ್ತಿದ್ದವರು ಸಾಮಾನ್ಯ ಚಾಕುವನ್ನು ಆರಿಸಿಕೊಳ್ಳಲಿಲ್ಲ. ಗುಂಡಗಿನ, ಜಾರುವ, ಬೆರಳ ತುದಿಯಷ್ಟೇ ಜಾಗ ಕೊಡುವ ಕಾಯಿಯನ್ನು ಹಿಡಿಯಲು ಎರಡೂ ಕೈ ಬೇಕೆಂಬುದು ಅವರಿಗೆ ಗೊತ್ತಿತ್ತು. ಕೋಲ್ಕತ್ತದ ಮೀನು ಮಾರುಕಟ್ಟೆಯಲ್ಲಿ ಇವತ್ತಿಗೂ ದೊಡ್ಡ ದೊಡ್ಡ ಮೀನುಗಳನ್ನು ನಿಂತ ಗಿರಾಕಿಗಳ ಕಾಲ ಬಳಿ ಕೂತು ಬೊಟಿಯಲ್ಲಿ ಕ್ಷಣಾರ್ಧದಲ್ಲಿ ತುಂಡು ಮಾಡುತ್ತಾರೆ. ಮೀನಿನ ಲೋಳೆಗೆ ಬೂದಿಯನ್ನೋ ಹರಳುಪ್ಪನ್ನೋ ಹಚ್ಚಿ ಹಿಡಿತ ಗಿಟ್ಟಿಸುವುದು ನಮ್ಮ ಕರಾವಳಿಯ ಮನೆಗಳಿಗೂ ಗೊತ್ತಿರುವ ಉಪಾಯ. ಕೆಲವು ಕಡೆ ಈಳಿಗೆ ಸೋಲುತ್ತದೆ, ಅದನ್ನೂ ಹೇಳಬೇಕು. ಇಡೀ ಸಿಹಿಗುಂಬಳ, ಇಡೀ ಹಲಸು ಅದರ ಮೇಲೆ ಏರುವುದಿಲ್ಲ. ಅವು ನೆಲದ ಮೇಲೆ, ಗೋಣಿಚೀಲದ ಮೇಲೆ, ದೊಡ್ಡ ಕತ್ತಿಗೆ ಸೇರಿದವು. ಈರುಳ್ಳಿಯನ್ನು ಒಂದೇ ಅಳತೆಯ ಸಣ್ಣ ಚೌಕಗಳಾಗಿ ಹೆಚ್ಚುವುದರಲ್ಲಿ ನುರಿತ ಚಾಕುವಿನ ಮುಂದೆ ಈಳಿಗೆ ನಿಲ್ಲಲಾರದು.

ಹಾಗಾದರೆ ಈಳಿಗೆ ಹಿಂದೆ ಸರಿದದ್ದು ಯಾಕೆ? ಕೊಯ್ಯಲು ಬಾರದೆ ಅಲ್ಲ. ಅದರ ಕಾಲಡಿಯ ನೆಲ ಹೋಯಿತು. ಒಲೆ ನೆಲದಿಂದ ಕಟ್ಟೆಗೆ ಏರಿತು, ಗ್ಯಾಸ್ ಬಂತು, ನೀರಿನ ನಲ್ಲಿ ಸೊಂಟದೆತ್ತರಕ್ಕೆ ಬಂತು, ಅಡುಗೆಯವರು ಎದ್ದು ನಿಂತರು. ಕಾಲಿನಿಂದ ಅದುಮಿ ಹಿಡಿಯಬೇಕಾದ ಸಾಧನಕ್ಕೆ ನಿಂತವರ ಮನೆಯಲ್ಲಿ ಜಾಗವಿಲ್ಲ. ಇದೇ ಬದಲಾವಣೆಯನ್ನು ತೆಂಗಿನತುರಿಯ ಮಣೆ ಹೇಗೆ ದಾಟಿತು ನೋಡಿ. ಅದಕ್ಕೆ ತಿರುಪಿನ ಹಿಡಿಕೆ ಬಂತು, ರಬ್ಬರಿನ ಹೀರುತಳ ಬಂತು, ಕಟ್ಟೆಯ ಅಂಚಿಗೆ ಬಿಗಿದು ನಿಂತುಕೊಂಡಿತು. ಯಾಕೆಂದರೆ ಕಾಯಿ ತುರಿಯಲು ಚಾಕು ಬದಲಿಯಾಗಲಾರದು. ಮನೆಯವರು ಹಟ ಹಿಡಿದರು, ತಯಾರಕರು ದಾರಿ ಹುಡುಕಿದರು. ತರಕಾರಿ ಹೆಚ್ಚುವಲ್ಲಿ ಮಾತ್ರ ಚಾಕು ಸಾಕೆನಿಸಿತು. ಕಟ್ಟೆಗೆ ತಿರುಪು ಹಾಕಿ ಬಿಗಿಯುವ ಈಳಿಗೆಗಳು ಅಂಗಡಿಯಲ್ಲಿ ಸಿಗುತ್ತವಾದರೂ ಅವನ್ನು ಕೇಳಿ ಕೊಳ್ಳುವವರು ಕಡಿಮೆ. ಚಾಕು ಸಾಕೆನಿಸಿದ್ದರಲ್ಲಿ ತಪ್ಪಿಲ್ಲ, ಅದರ ಇನ್ನರ್ಧವನ್ನು ಬಿಟ್ಟು ತಂದದ್ದು ತಪ್ಪು. ಹೋಟೆಲ್ ಅಡುಗೆಯ ಶಾಲೆಗಳಲ್ಲಿ ಚಾಕುವಿನ ಪಾಠ ಎಡಗೈಯಿಂದ ಶುರುವಾಗುತ್ತದೆ. ಬೆರಳ ತುದಿಗಳನ್ನು ಒಳಕ್ಕೆ ಮಡಚಿ ಗೆಣ್ಣುಗಳನ್ನು ಅಲಗಿಗೆ ಗೋಡೆಯಾಗಿಸುವುದು, ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸುವುದು, ಗುಂಡನೆಯದನ್ನು ಮೊದಲು ಎರಡು ಸೀಳು ಮಾಡಿ ಸಪಾಟು ಮೈಯನ್ನು ಕೆಳಗಿಡುವುದು. ನಮ್ಮ ಮನೆಗಳಲ್ಲಿ ನುಣುಪಾದ ಗ್ರಾನೈಟ್ ಕಟ್ಟೆ, ಅದರ ಮೇಲೆ ಜಾರುವ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಉರುಳುವ ಬೀಟ್‌ರೂಟ್, ಚಾಚಿದ ಬೆರಳುಗಳು. ಮೂರು ಅಂತಸ್ತಿನ ಅಭದ್ರತೆಯ ಮೇಲೆ ಹರಿತದ ಅಲಗು.

ಚಾಕುವಿನ ತವರಿನಲ್ಲೂ ಹಿಡಿತ ತಪ್ಪಿದರೆ ಇದೇ ಗತಿ. ಬ್ರಿಟನ್ನಿನಲ್ಲಿ ಬೆಣ್ಣೆಹಣ್ಣು ತಿನ್ನುವ ಗೀಳು ಹೆಚ್ಚಾದಾಗ, ಅದನ್ನು ಅಂಗೈಯಲ್ಲಿಟ್ಟು ಕೊಯ್ದು, ಬೀಜಕ್ಕೆ ಚಾಕು ಚುಚ್ಚಿ ತೆಗೆಯಲು ಹೋಗಿ ಕೈ ಸೀಳಿಕೊಂಡವರು ಆಸ್ಪತ್ರೆಗಳಿಗೆ ಬರತೊಡಗಿದರು. ಹಣ್ಣಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂಬ ಮಾತನ್ನು 2017ರಲ್ಲಿ ಅಲ್ಲಿನ ಪ್ಲಾಸ್ಟಿಕ್ ಸರ್ಜನ್‌ಗಳು ಎತ್ತಿದರು. ಸಿಪ್ಪೆ ಗಟ್ಟಿ, ತಿರುಳು ಬೆಣ್ಣೆ, ನಡುವೆ ಜಾರುವ ಗುಂಡು ಬೀಜ, ಕೆಳಗೆ ಹಲಗೆಯ ಬದಲು ಅಂಗೈ. ಕೊಡಗಿನ ತೋಟಗಳ ಬೆಣ್ಣೆಹಣ್ಣು ಈಗ ನಮ್ಮ ಪೇಟೆಗಳಿಗೂ ಬರುತ್ತಿದೆ. ಚೀಟಿ ಅಂಟಿಸುವುದಕ್ಕಿಂತ ಹಣ್ಣನ್ನು ಹಲಗೆಯ ಮೇಲಿಟ್ಟು ಕೊಯ್ದು, ಬೀಜವನ್ನು ಚಮಚದಿಂದ ಎತ್ತುವುದು ಸುಲಭ.

ಈಳಿಗೆಯೇ ಅಪಾಯಕಾರಿಯಲ್ಲವೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ನೆಲದ ಮೇಲೆ ನೆಟ್ಟಗೆ ನಿಂತ ಅಲಗು ಯಾರಿಗೂ ಹಿತವಲ್ಲ. ಅದಕ್ಕೇ ಮಡಚುವ ಅಲಗುಗಳು ಬಂದವು, ಕೆಲಸವಾದೊಡನೆ ಗೋಡೆಗೆ ಮುಖ ಮಾಡಿ ಮಲಗಿಸುವ ರೂಢಿ ಬಂತು. ಈಳಿಗೆ ಅಪಾಯಕಾರಿಯಾಗುವುದು ಸುಮ್ಮನೆ ಬಿದ್ದಿರುವಾಗ, ಚಾಕು ಅಪಾಯಕಾರಿಯಾಗುವುದು ಕೆಲಸ ಮಾಡುವಾಗ; ಮೊದಲನೆಯದನ್ನು ಮನೆಯ ಶಿಸ್ತು ತಡೆಯಬಹುದು, ಎರಡನೆಯದಕ್ಕೆ ಕೈಯ ತರಬೇತಿಯೇ ಬೇಕು. ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ನೆಲದ ಮೇಲಿನ ಅಡುಗೆಮನೆ ಹೆಂಗಸರನ್ನು ಗಂಟೆಗಟ್ಟಲೆ ಹೊಗೆಯಲ್ಲಿ, ಮಡಚಿದ ಮೊಣಕಾಲಿನ ಮೇಲೆ ಕೂರಿಸಿತ್ತು. ಅಲ್ಲಿಂದ ಎದ್ದು ನಿಂತದ್ದು ಬಿಡುಗಡೆ. ಇದನ್ನು ಪೂರ್ತಿ ಒಪ್ಪಬೇಕು. ಮದುವೆ ಮನೆಗಳ ಹಿಂದಿನ ರಾತ್ರಿ ನೆರೆಹೊರೆಯ ಗಂಡಸರು ಸೇರಿ ರಾಶಿ ತರಕಾರಿ ಹೆಚ್ಚುತ್ತಿದ್ದುದು ನಿಜವಾದರೂ ನಿತ್ಯದ ಈಳಿಗೆಯ ಮುಂದೆ ಕೂರುತ್ತಿದ್ದವರು ಯಾರೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಎಲ್ಲರೂ ಮತ್ತೆ ನೆಲಕ್ಕೆ ಇಳಿಯಿರಿ ಎನ್ನುವ ವಾದ ಇದಲ್ಲ. ನಿಂತುಕೊಂಡ ಅಡುಗೆಮನೆಗೆ ನಿಂತುಕೊಂಡ ಹಿಡಿತ ಬೇಕು: ಜಾರದ ಹಲಗೆ, ಬಿಗಿಯುವ ತಿರುಪು, ಮಡಚಿದ ಬೆರಳು. ಚಾಕುಗಳ ಗೊಂಚಲನ್ನು ಕೊಳ್ಳುವ ಹಣದಲ್ಲಿ ಕಾಲು ಪಾಲು ಹಲಗೆಯ ಮೇಲೆ ಹಾಕಿದರೂ ಸಾಕು.

ಕೈ, ಫೋರ್ಕು, ಮರ ಮಾತ್ರ ಹಿಡಿಯುತ್ತವೆ ಎಂದೇನಿಲ್ಲ. ಪದಾರ್ಥ ತನ್ನನ್ನು ತಾನೇ ಹಿಡಿದುಕೊಳ್ಳುವಂತೆ ಮಾಡುವುದು ಇನ್ನೂ ಸೂಕ್ಷ್ಮದ ವಿದ್ಯೆ, ಅದಕ್ಕೆ ಬೇಕಾದದ್ದು ಹೊತ್ತರಿವು. ಮೈಸೂರುಪಾಕವನ್ನು ತಟ್ಟೆಗೆ ಸುರಿದ ತಕ್ಷಣ ಕೊಯ್ದರೆ ಗೆರೆ ಮುಚ್ಚಿಹೋಗುತ್ತದೆ, ಪೂರ್ತಿ ತಣಿದ ಮೇಲೆ ಕೊಯ್ದರೆ ಪುಡಿಯಾಗುತ್ತದೆ. ನಡುವಿನ ಆ ಕೆಲವೇ ನಿಮಿಷಗಳಲ್ಲಿ ಪಾಕ ಗೆರೆಯನ್ನು ಉಳಿಸಿಕೊಳ್ಳುವಷ್ಟು ಗಟ್ಟಿ, ಅಲಗನ್ನು ಒಳಬಿಡುವಷ್ಟು ಮೆತ್ತಗೆ ಇರುತ್ತದೆ. ಪತ್ರೊಡೆಯದು ಬೇರೆ ಉಪಾಯ. ಹಿಟ್ಟು ಸವರಿದ ಕೆಸುವಿನ ಎಲೆಗಳನ್ನು ಸುರುಳಿ ಸುತ್ತಿ, ದಾರದಿಂದ ಬಿಗಿದು, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆಯೇ ಬಿಲ್ಲೆ ಕೊಯ್ಯುತ್ತಾರೆ. ಬಿಸಿಯಲ್ಲಿ ಆತುರಪಟ್ಟರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಯುರೋಪಿನ ಬಾಣಸಿಗರು ಸುಡುವ ಮುನ್ನ ಹಕ್ಕಿಯ ಕಾಲು ರೆಕ್ಕೆಗಳನ್ನು ಹುರಿಯಿಂದ ಕಟ್ಟುವುದು, ಸುಟ್ಟ ಮಾಂಸವನ್ನು ಕೊಯ್ಯುವ ಮುನ್ನ ಹದಿನೈದಿಪ್ಪತ್ತು ನಿಮಿಷ ಸುಮ್ಮನೆ ಬಿಡುವುದು ಇದೇ ಬುದ್ಧಿಯಿಂದ. ಆ ಬಿಡುವಿನಲ್ಲಿ ಒಳಗಿನ ರಸ ತಣಿದು ದಪ್ಪವಾಗುತ್ತದೆ, ಎಳೆಗಳು ಬಿಗಿಯಾಗುತ್ತವೆ, ಹೋಳು ಒಟ್ಟಾಗಿ ನಿಲ್ಲುತ್ತದೆ.

ಬಡಿಸಿದ ಮೇಲೂ ಈ ಪ್ರಶ್ನೆ ಮುಗಿಯುವುದಿಲ್ಲ, ರೂಪ ಬದಲಿಸುತ್ತದೆ. ಬಾಳೆಎಲೆಗೆ ಅಂಚಿಲ್ಲ, ಆದರೂ ಅದರ ಮೇಲೆ ಸಾರು ಬಡಿಸುತ್ತೇವೆ. ಅನ್ನದ ರಾಶಿಯಲ್ಲಿ ತೋಡಿದ ಗುಳಿಯೇ ಅಲ್ಲಿ ಕಟ್ಟೆ. ಎಲೆ ನೆಲದ ಮೇಲಿದ್ದು ಉಣ್ಣುವವರು ಕೂತಲ್ಲೇ ಕೂತು, ಬಡಿಸುವವರು ಓಡಾಡುವುದರಿಂದ ಈ ಏರ್ಪಾಡು ನಡೆಯುತ್ತದೆ. ಎಡಗೈಯನ್ನು ಊಟದಿಂದ ದೂರವಿಟ್ಟ ನಮ್ಮ ರೂಢಿಯಲ್ಲಿ ಹಿಡಿಯುವುದೂ ಹರಿಯುವುದೂ ಒಂದೇ ಕೈಗೆ ಬಂತು. ಚಪಾತಿಯನ್ನು ಮಧ್ಯದ ಬೆರಳುಗಳಿಂದ ಒತ್ತಿ ನಿಲ್ಲಿಸಿ, ಹೆಬ್ಬೆರಳು ತೋರುಬೆರಳುಗಳಿಂದ ಹರಿಯುವ ಕಸುಬನ್ನು ಚಿಕ್ಕ ಮಕ್ಕಳೂ ಹೇಳಿಕೊಡದೆ ಕಲಿಯುತ್ತಾರೆ. ಫೋರ್ಕೂ ಚಾಕುವೂ ಅಂಗೈಯೊಳಗೇ ಸೇರಿದ ಹಾಗೆ. ಈ ಏರ್ಪಾಡು ಮುರಿದುಬೀಳುವುದು ಬಫೆಯಲ್ಲಿ. ನಿಂತು ಉಣ್ಣುವವನ ಒಂದು ಕೈ ತಟ್ಟೆಗೆ ಮೇಜಾಗಿಬಿಟ್ಟಿದೆ, ಇನ್ನೊಂದರಲ್ಲಿ ಚಮಚ. ಹಿಡಿಯಲು ಕೈಯೇ ಉಳಿದಿಲ್ಲ. ಬಿರುಸಾದ ನಾನ್ ತಟ್ಟೆಯಲ್ಲಿ ತಿರುಗುತ್ತದೆ, ಕೋಳಿಯ ಕಾಲು ಚಮಚಕ್ಕೆ ಮಣಿಯುವುದಿಲ್ಲ, ತುಪ್ಪ ಹಾಕಿದ ಹೋಳಿಗೆ ಪಲ್ಯದ ಮೇಲೆ ಜಾರುತ್ತದೆ. ಹಾಗಾಗಿ ಆ ಮೇಜುಗಳ ಮೇಲೆ ಗೆಲ್ಲುವುದು ಒಂದೇ ಚಮಚದಲ್ಲಿ ಎತ್ತಬಹುದಾದದ್ದು: ಪಲಾವು, ಫ್ರೈಡ್ ರೈಸ್, ಬಾಯಳತೆಯ ಗೋಬಿ ಮಂಚೂರಿ. ನಮ್ಮ ಮದುವೆ ಊಟಗಳ ಪಟ್ಟಿ ಬದಲಾದದ್ದಕ್ಕೆ ಉತ್ತರ ಭಾರತದ ಪ್ರಭಾವವನ್ನೂ ಹೊಸ ರುಚಿಯನ್ನೂ ದೂರುತ್ತೇವೆ. ಕುರ್ಚಿ ತೆಗೆದಿಟ್ಟದ್ದಕ್ಕೂ ಅದರಲ್ಲಿ ಪಾಲಿದೆ. ಸಾರಿಗೆ ಅಲ್ಲಿ ಒಂದು ಪ್ಲಾಸ್ಟಿಕ್ ಬಟ್ಟಲು ಕೊಡುತ್ತಾರೆ. ಅದನ್ನು ಇಡಲು ಜಾಗ ಹುಡುಕುತ್ತ ಜನ ಕಿಟಕಿಯ ಕಟ್ಟೆಗಳ ಕಡೆ ಹೋಗುತ್ತಾರೆ.